ಒಳಪಂಕ್ತಿಯ ಬ್ರೆಡ್ಡು

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಎದುರಿಗಿರುವ, ಮಂಡೇಲಾ ಅವರನ್ನು ಸೆರೆಯಿಟ್ಟಿದ್ದ ರಾಬೆನ್ ದ್ವೀಪಕ್ಕೆ ಹೋಗೋಣವೆಂದು ಹಟ ಹಿಡಿದವರು ನನ್ನ ಭಾವ. ಮೈಸೂರಿನಲ್ಲಿ ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಎರಡೇ ಗೀಳು, ಹಕ್ಕಿ ನೋಡುವುದು ಮತ್ತು ವಾದ ಮಾಡುವುದು. ದ್ವೀಪದಲ್ಲಿ ಪೆಂಗ್ವಿನ್‌ಗಳಿವೆಯೆಂದು ಎಲ್ಲೋ ಓದಿಕೊಂಡು ಬಂದಿದ್ದರು. ನಾನು ಜೊಹಾನ್ಸ್‌ಬರ್ಗ್‌ನಲ್ಲಿ ನೌಕರಿ ಮಾಡಿಕೊಂಡಿದ್ದರೂ, ಕೇಪ್‌ಟೌನಿಗೆ ಹೋದಾಗಲೆಲ್ಲ ಜೈಲು ನೋಡುವುದಕ್ಕೆ ಟಿಕೆಟ್ ಬೇರೆ ಯಾಕೆ ಎಂದು ಜಾರಿಕೊಳ್ಳುತ್ತಿದ್ದವನು. ಅದು 2018ರ ಆಗಸ್ಟ್. ಅಲ್ಲಿ ಚಳಿಗಾಲದ ಕೊನೆ. ಗಾಳಿ ಜೋರಾದರೆ ಫೆರ್ರಿ ರದ್ದಾಗುತ್ತದೆ. ಅವತ್ತು ರದ್ದಾಗಲಿಲ್ಲ, ಆಗಿದ್ದರೆ ಒಳ್ಳೆಯದಿತ್ತು ಎಂದು ಭಾವನವರಿಗೆ ಬಂದರು ದಾಟುವಷ್ಟರಲ್ಲೇ ಅನ್ನಿಸಿರಬೇಕು. ಹೊಟ್ಟೆ ಹಿಡಿದುಕೊಂಡು ಕುಳಿತರು.

ಅವರ ಮುಖ ನೋಡಿ ಪಕ್ಕದ ಸೀಟಿನ ಹೆಂಗಸು ಶುಂಠಿ ಪೆಪ್ಪರಮಿಂಟು ಕೊಟ್ಟರು. ಡರ್ಬನ್ನಿನವರು, ಎಪ್ಪತ್ತರ ಮೇಲಿನ ವಯಸ್ಸು, ಜೊತೆಯಲ್ಲಿ ಗಂಡ. ಅವರ ಅಜ್ಜನ ಕಾಲಕ್ಕೇ ಗುಜರಾತಿನಿಂದ ಬಂದ ಕುಟುಂಬ. "ನೀವು ಮಂಡೇಲಾ ಅವರ ಕೋಣೆ ನೋಡಲು ಬಂದಿದ್ದೀರಿ, ನಾನು ಅಂಕಲ್ ಕ್ಯಾಥಿಯವರಿಗಾಗಿ ಬಂದಿದ್ದೇನೆ" ಎಂದರು. ಭಾವ ಯಾರದು ಎಂಬಂತೆ ನನ್ನತ್ತ ನೋಡಿದರು. ಅಹ್ಮದ್ ಕಥ್ರಾಡಾ, ವರ್ಣಭೇದದ ವಿರುದ್ಧ ಹೋರಾಡಿ ಮಂಡೇಲಾ ಅವರ ಜೊತೆ ಸೆರೆಯಲ್ಲಿದ್ದವರು. ಆ ದೇಶದಲ್ಲಿ ಇರುವವರಿಗೆ ಈ ಹೆಸರು ಗೊತ್ತಿರದೆ ಇರುವುದಿಲ್ಲ. ಅವರು ತೀರಿಕೊಂಡು ಆಗ ಒಂದು ವರ್ಷ ದಾಟಿತ್ತಷ್ಟೆ.

ಫೆರ್ರಿ ದ್ವೀಪ ಮುಟ್ಟುವ ತನಕ ಆಕೆ ಹೇಳುತ್ತಲೇ ಇದ್ದರು. ಕಥ್ರಾಡಾ ಹುಟ್ಟಿದ್ದು 1929ರಲ್ಲಿ, ಶ್ವೈಟ್ಸರ್-ರೆನೆಕೆ ಎಂಬ ಸಣ್ಣ ಊರಿನಲ್ಲಿ. ತಂದೆಯದು ಅಂಗಡಿ. ಊರಿನಲ್ಲಿ ಬಿಳಿಯರಿಗೆ ಒಂದು ಶಾಲೆ, ಕರಿಯರಿಗೆ ಒಂದು ಶಾಲೆ. ಭಾರತೀಯರ ಹುಡುಗನಿಗೆ ಎರಡರಲ್ಲೂ ಜಾಗವಿಲ್ಲ. ಎಂಟು ವರ್ಷದ ಮಗುವನ್ನು ಮುನ್ನೂರು ಕಿಲೋಮೀಟರ್ ದೂರದ ಜೊಹಾನ್ಸ್‌ಬರ್ಗ್‌ಗೆ ಓದಲು ಕಳುಹಿಸಿದರು. ಆ ಹುಡುಗ ಹದಿನೇಳನೆಯ ವಯಸ್ಸಿಗೆ ಶಾಲೆ ಬಿಟ್ಟು, ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂದು ಗೆರೆ ಎಳೆದ ಕಾನೂನಿನ ವಿರುದ್ಧದ 1946ರ ಸತ್ಯಾಗ್ರಹಕ್ಕೆ ಸೇರಿ, ಡರ್ಬನ್ನಿನ ಜೈಲಿನಲ್ಲಿ ಒಂದು ತಿಂಗಳು ಕಳೆದ. "ನಮ್ಮ ತಂದೆಯೂ ಅದೇ ಚಳವಳಿಯಲ್ಲಿ ಒಳಗೆ ಹೋಗಿದ್ದರು" ಎಂದು ಆಕೆ ಸೇರಿಸಿದರು. ಗಂಡ ಈ ಕಥೆಯನ್ನು ಸಾಕಷ್ಟು ಸಲ ಕೇಳಿದವರಂತೆ ಕಿಟಕಿಯ ಕಡೆ ತಿರುಗಿದರು.

ದ್ವೀಪದಲ್ಲಿ ಮೊದಲು ಬಸ್ಸಿನ ಸುತ್ತಾಟ. ಸುಣ್ಣದಕಲ್ಲಿನ ಗಣಿಯ ಮುಂದೆ ಬಸ್ಸು ನಿಂತಿತು. ಮಂಡೇಲಾ, ಸಿಸುಲು, ಕಥ್ರಾಡಾ ಮತ್ತು ಸಂಗಡಿಗರು ವರ್ಷಗಟ್ಟಲೆ ಗುದ್ದಲಿ ಹಿಡಿದ ಜಾಗ ಅದು. ಬಿಸಿಲಿಗೆ ಹೊಳೆಯುವ ಬಿಳಿಕಲ್ಲು ಹಲವರ ಕಣ್ಣು ಕೆಡಿಸಿತು. ಗಣಿಯ ಬಾಯಿಯ ಹತ್ತಿರ ಒಂದು ಕಲ್ಲಿನ ರಾಶಿಯಿದೆ. 1995ರಲ್ಲಿ ಹಳೆಯ ಕೈದಿಗಳೆಲ್ಲ ಮತ್ತೆ ಅಲ್ಲಿ ಸೇರಿದಾಗ ಒಬ್ಬೊಬ್ಬರು ಒಂದೊಂದು ಕಲ್ಲು ಇಟ್ಟು ಬೆಳೆಸಿದ್ದು. ಯಾರೂ ಜೋಡಿಸಿಟ್ಟದ್ದಲ್ಲ, ಒಂದೊಂದು ಕಲ್ಲು ಒಂದೊಂದು ಆಕಾರ.

ಜೈಲಿನೊಳಗೆ ಬೇರೆ ಮಾರ್ಗದರ್ಶಕ. ಅಲ್ಲಿ ಒಳಗಿನ ಸುತ್ತಾಟ ಮಾಡಿಸುವವರು ಅದೇ ಜೈಲಿನಲ್ಲಿ ಶಿಕ್ಷೆ ಅನುಭವಿಸಿದ ಹಿಂದಿನ ರಾಜಕೀಯ ಕೈದಿಗಳು. ನಮ್ಮವರು ದಪ್ಪ ಸ್ವೆಟರ್ ತೊಟ್ಟ, ಗಂಟಲು ಕಟ್ಟಿದ ಮನುಷ್ಯ. ಕರುಣೆ ಬೇಡುವ ಧಾಟಿ ಅವರಲ್ಲಿರಲಿಲ್ಲ. ಬಹಳ ಮಟ್ಟಿಗೆ ಒಬ್ಬ ಗುಮಾಸ್ತರ ಹಾಗೆ, ಕಡತ ಓದುವಂತೆ ಹೇಳುತ್ತಾ ಹೋದರು. ಒಂದು ಸಾಮೂಹಿಕ ಕೋಣೆಯಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಗೋಡೆಯಲ್ಲಿದ್ದ ದೊಡ್ಡ ಫಲಕ ತೋರಿಸಿ, "ನೀವೇ ಓದಿಕೊಳ್ಳಿ" ಎಂದರು.

ಅದು ಕೈದಿಗಳ ಆಹಾರದ ಪಟ್ಟಿ. ಎರಡು ಕಂಬಸಾಲು. 'ಬಿ' ಎಂದರೆ ಮಿಶ್ರವರ್ಣೀಯರು ಮತ್ತು ಏಷ್ಯಾದವರು, 'ಸಿ' ಎಂದರೆ ಬಂಟು, ಅಂದರೆ ಕರಿಯರು. ಮೆಕ್ಕೆಜೋಳದ ಹಿಟ್ಟು ಇಬ್ಬರಿಗೂ ಇದೆ. ಮಾಂಸ 'ಬಿ'ಗೆ ತುಸು ಹೆಚ್ಚು. ಜಾಮ್ ಅಥವಾ ಸಿರಪ್ಪಿನ ಸಾಲಿನಲ್ಲಿ 'ಬಿ'ಗೆ ಒಂದು ಔನ್ಸ್, 'ಸಿ'ಗೆ ಇಲ್ಲವೇ ಇಲ್ಲ. ಬ್ರೆಡ್ಡೂ ಭಾರತೀಯರಿಗೆ ಉಂಟು, ಕರಿಯರಿಗೆ ಇಲ್ಲ. ಬಿಳಿಯರ ಕಂಬಸಾಲು ಯಾಕಿಲ್ಲ ಎಂದು ಯಾರೋ ಕೇಳಿದರು. ಬಿಳಿ ರಾಜಕೀಯ ಕೈದಿಗಳನ್ನು ದ್ವೀಪಕ್ಕೆ ತರುತ್ತಲೇ ಇರಲಿಲ್ಲ. 1964ರ ಜೂನ್‌ನಲ್ಲಿ, ಸರ್ಕಾರದ ವಿರುದ್ಧ ವಿಧ್ವಂಸದ ಸಂಚು ನಡೆಸಿದರೆಂದು ಹೂಡಿದ ರಿವೋನಿಯಾ ಮೊಕದ್ದಮೆಯಲ್ಲಿ ಎಂಟು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಏಳು ಜನರನ್ನು ವಿಮಾನದಲ್ಲಿ ಇಲ್ಲಿಗೆ ತಂದರು, ಬಿಳಿಯರಾದ ಡೆನಿಸ್ ಗೋಲ್ಡ್‌ಬರ್ಗ್ ಒಬ್ಬರನ್ನೇ ಪ್ರಿಟೋರಿಯಾದಲ್ಲಿ ಇಟ್ಟರು. ಒಂದೇ ಅಪರಾಧ, ಒಂದೇ ತೀರ್ಪು, ಜೈಲು ಮಾತ್ರ ಬೇರೆ.

ಆ ಏಳು ಜನರಲ್ಲಿ ಕಥ್ರಾಡಾ ಎಲ್ಲರಿಗಿಂತ ಕಿರಿಯರು, ಮೂವತ್ತನಾಲ್ಕು ವರ್ಷ, ಭಾರತೀಯರು ಅವರೊಬ್ಬರೇ. ಬಂದ ದಿನವೇ ಅವರ ಕೈಗೆ ಉದ್ದನೆಯ ಪ್ಯಾಂಟು, ಕಾಲುಚೀಲ ಬಂದವು. ಅವರಿಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರಾದ ಮಂಡೇಲಾ, ಸಿಸುಲು, ಗೋವನ್ ಎಂಬೆಕಿ ಅವರಿಗೆ ಚಡ್ಡಿ. ಕರಿಯ ಎಷ್ಟೇ ವಯಸ್ಸಾದರೂ ಹುಡುಗನೇ ಎಂಬುದು ಆ ವ್ಯವಸ್ಥೆಯ ಲೆಕ್ಕ. ಜೂನ್ ತಿಂಗಳು ಅಲ್ಲಿ ಮೈ ಕೊರೆಯುವ ಚಳಿ.

ಪಂಕ್ತಿಭೇದ ಕಂಡವರಿಗೆ ಈ ಫಲಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಂದಿನಲ್ಲಿ ಅಜ್ಜಿಯ ಊರಿನ ರಥೋತ್ಸವದ ಊಟಕ್ಕೆ ಕುಳಿತದ್ದು ನೆನಪಿದೆ. ಒಳಗಿನ ಪಂಕ್ತಿಗೆ ತುಪ್ಪ, ಎರಡನೆಯ ಸಲದ ಪಾಯಸ. ಹೊರಗಿನ ಅಂಗಳದವರಿಗೆ ಅನ್ನ, ಸಾರು, ಅದೂ ನಾವು ಎದ್ದ ಮೇಲೆ. ನಾನು ಕೂರುತ್ತಿದ್ದದ್ದು ಒಳಗೆ. ಅದಕ್ಕೇ ಇರಬೇಕು, ಆ ಕೋಣೆಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು 'ಬಿ' ಕಂಬಸಾಲಿನ ಕಡೆಗೆ. ಪೂರ್ತಿ ಕೆಳಗೆ ತಳ್ಳಿಸಿಕೊಂಡವರ ಸಿಟ್ಟು ನೇರವಾಗಿರುತ್ತದೆ. ನಡುವಿನ ಮೆಟ್ಟಿಲಿನಲ್ಲಿ ನಿಲ್ಲಿಸಲ್ಪಟ್ಟವನು ಏನು ಮಾಡಬೇಕು?

ಭಾವ ಅದನ್ನೇ ಕೇಳಿಬಿಟ್ಟರು, ಅವರ ಬ್ಯಾಂಕಿನ ಇಂಗ್ಲಿಷಿನಲ್ಲಿ. "ಆ ಮನುಷ್ಯ ಬ್ರೆಡ್ಡು ತಿಂದರೋ, ಬೇಡವೆಂದರೋ?"

ಮಾರ್ಗದರ್ಶಕರಿಗೆ ಪ್ರಶ್ನೆ ಇಷ್ಟವಾಯಿತು. ಕಥ್ರಾಡಾ ಬಿಟ್ಟುಬಿಡಲು ತಯಾರಿದ್ದರಂತೆ. ಬೇಡ ಎಂದವರು ಮಂಡೇಲಾ ಮತ್ತು ಹಿರಿಯರೇ. ಸಿಕ್ಕಿದ್ದನ್ನು ಒಪ್ಪಿಸಿ ಎಲ್ಲರೂ ಕೆಳಗಿಳಿದು ಸಮನಾಗುವುದು ಸರ್ಕಾರಕ್ಕೆ ಖುಷಿಯ ವಿಷಯ; ಎಲ್ಲರಿಗೂ ಪ್ಯಾಂಟು, ಎಲ್ಲರಿಗೂ ಬ್ರೆಡ್ಡು ಎಂದು ಕೇಳೋಣ ಎಂಬುದು ಅವರ ವಾದ. ಅಲ್ಲಿಯವರೆಗೆ ಬ್ರೆಡ್ಡು ಗುಟ್ಟಾಗಿ ಕೈಯಿಂದ ಕೈಗೆ ಹಂಚಿಹೋಗುತ್ತಿತ್ತು. ಊಟ ಎಲ್ಲರಿಗೂ ಒಂದೇ ಆದದ್ದು 1979ರಲ್ಲಿ. ಹದಿನೈದು ವರ್ಷ! ಒಂದು ತುಂಡು ಬ್ರೆಡ್ಡಿಗೆ ಹದಿನೈದು ವರ್ಷ ಜಗಳವಾಡುವ ತಾಳ್ಮೆ ಎಂಥದಿರಬೇಕು ಎಂದು ನಾನು ಯೋಚಿಸುತ್ತಿದ್ದರೆ, ಭಾವ "ತರ್ಕ ಸರಿಯಿದೆ" ಎಂದು ತೀರ್ಪು ಕೊಟ್ಟು ಮುಂದೆ ನಡೆದರು.

ಆಮೇಲೆ ಮಂಡೇಲಾ ಮತ್ತು ಸಂಗಡಿಗರನ್ನು ಇಟ್ಟಿದ್ದ 'ಬಿ' ವಿಭಾಗದ ಅಂಗಳ; ಫಲಕದ 'ಬಿ'ಗೂ ಇದಕ್ಕೂ ಸಂಬಂಧವಿಲ್ಲ. ಮಂಡೇಲಾ ಗುಟ್ಟಾಗಿ ಬರೆದ ಆತ್ಮಕಥೆಯ ಹಸ್ತಪ್ರತಿಯನ್ನು ಹೂತಿಟ್ಟದ್ದು ಅಲ್ಲಿನ ತೋಟದಲ್ಲಿ. ಪುಟ ಪುಟವನ್ನೂ ಓದಿ ಟಿಪ್ಪಣಿ ಹಾಕುತ್ತಿದ್ದವರು ಸಿಸುಲು ಮತ್ತು ಕಥ್ರಾಡಾ. ಸಣ್ಣಕ್ಷರದ ನಕಲು ಬಿಡುಗಡೆಯಾದ ಸಂಗಾತಿಯೊಬ್ಬರ ಜೊತೆ ಹೊರಗೆ ಹೋಯಿತು. ಮೂಲಪ್ರತಿ ಗೋಡೆ ಕಟ್ಟಲು ಅಗೆದಾಗ ಸಿಕ್ಕಿಬಿದ್ದು, ಮೂವರಿಗೂ ನಾಲ್ಕು ವರ್ಷ ಓದುವ ಅನುಮತಿ ರದ್ದಾಯಿತು. ಇಷ್ಟೆಲ್ಲದರ ನಡುವೆ ಕಥ್ರಾಡಾ ಜೈಲಿನಲ್ಲೇ ನಾಲ್ಕು ಪದವಿ ಪಡೆದರು. ಆದರೆ ಡರ್ಬನ್ನಿನ ಆಕೆ ನಮಗೆ ಹೇಳಿದ್ದು ಬೇರೆ ಸಂಗತಿ. ಸೆರೆಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಯಾವುದು ಎಂದು ಯಾರು ಕೇಳಿದರೂ ಅಂಕಲ್ ಕ್ಯಾಥಿ ಕೊಡುತ್ತಿದ್ದ ಉತ್ತರ ಒಂದೇ, ಮಕ್ಕಳು. ಇಪ್ಪತ್ತು ವರ್ಷ ಅವರು ಒಂದು ಮಗುವನ್ನು ಹತ್ತಿರದಿಂದ ಕಂಡಿರಲಿಲ್ಲ.

ಹಿಂದಿರುಗುವಾಗ ಸಮುದ್ರ ಶಾಂತವಾಗಿತ್ತು, ಭಾವ ಚೇತರಿಸಿಕೊಂಡಿದ್ದರು. "ಇಷ್ಟು ವರ್ಷ ಒಳಗಿದ್ದವರು ಹೊರಗೆ ಬಂದು ಏನಾದರು? ಮಂತ್ರಿಯಾದರೇ?" ಎಂದು ಶುರು ಮಾಡಿದರು. 1989ರ ಅಕ್ಟೋಬರ್‌ನಲ್ಲಿ ಬಿಡುಗಡೆ, ಇಪ್ಪತ್ತಾರು ವರ್ಷದ ಮೇಲೆ. 1994ರಲ್ಲಿ ಸಂಸತ್ ಸದಸ್ಯ, ಅಧ್ಯಕ್ಷ ಮಂಡೇಲಾ ಅವರಿಗೆ ಸಂಸದೀಯ ಸಲಹೆಗಾರ. 1999ರಲ್ಲಿ ಮಂಡೇಲಾ ಇಳಿದಾಗ ಅವರೂ ಇಳಿದರು. "ಒಂದೇ ಅವಧಿಯೇ?" ಎಂದು ಭಾವ ಹುಬ್ಬೇರಿಸಿದರು, ನಮ್ಮ ಕಡೆಯ ರಾಜಕಾರಣ ಕಂಡವರಿಗೆ ಅದು ಸೆರೆವಾಸಕ್ಕಿಂತ ದೊಡ್ಡ ಪವಾಡ. ಆಮೇಲೆ ಬಹಳ ವರ್ಷ ಅವರು ಇದೇ ದ್ವೀಪದ ವಸ್ತುಸಂಗ್ರಹಾಲಯದ ಕೆಲಸ ನೋಡಿಕೊಂಡು, ಬಂದ ಗಣ್ಯರಿಗೆ ತಮ್ಮ ಜೈಲು ತೋರಿಸುತ್ತಿದ್ದರು. 2013ರಲ್ಲಿ ಒಬಾಮಾ ಕುಟುಂಬಕ್ಕೆ ತೋರಿಸಿದ್ದೂ ಅವರೇ.

"ಪತ್ರದ ವಿಷಯ ಹೇಳು" ಎಂದು ಗಂಡ ಅಂದು ಮೊದಲ ಬಾರಿ ತಾವಾಗಿ ಬಾಯಿ ಬಿಟ್ಟರು. ಅಲ್ಲಿಂದ ಜಗಳ ಶುರುವಾಯಿತು. 2016ರ ಮಾರ್ಚ್ 31ರಂದು, ಅಧ್ಯಕ್ಷ ಜೇಕಬ್ ಜುಮಾ ತಮ್ಮ ಎನ್‌ಕಾಂಡ್ಲಾ ಮನೆಗೆ ಸಾರ್ವಜನಿಕ ಹಣ ಸುರಿದ ಪ್ರಕರಣದಲ್ಲಿ ಸಂವಿಧಾನವನ್ನು ಪಾಲಿಸಲಿಲ್ಲವೆಂದು ಸಾಂವಿಧಾನಿಕ ನ್ಯಾಯಾಲಯ ಹೇಳಿತು. ಕಥ್ರಾಡಾ ಬಹಿರಂಗ ಪತ್ರ ಬರೆದು ರಾಜೀನಾಮೆ ಕೇಳಿದರು. ನಾಯಕರೊಂದಿಗಿನ ಭಿನ್ನಾಭಿಪ್ರಾಯವನ್ನು ಹೊರಗೆ ಆಡದವನು ನಾನು ಎಂದು ಅದೇ ಪತ್ರದಲ್ಲಿ ಬರೆದುಕೊಂಡಿದ್ದರು. ಜುಮಾ ಕೂಡ ಅವರದೇ ಎಎನ್‌ಸಿ ಪಕ್ಷದವರು, ಇದೇ ದ್ವೀಪದಲ್ಲಿ ಹತ್ತು ವರ್ಷ ಕಳೆದವರು. ಉತ್ತರ ಬರಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಕಥ್ರಾಡಾ ತೀರಿಕೊಂಡಾಗ, ಕುಟುಂಬದ ಇಚ್ಛೆಯಂತೆ ಜುಮಾ ಅಂತ್ಯಕ್ರಿಯೆಗೆ ಬರಲಿಲ್ಲ. ಮಾಜಿ ಅಧ್ಯಕ್ಷ ಮೋಟ್ಲಾಂತೆ ಆ ಪತ್ರದ ಭಾಗವನ್ನೇ ಅಲ್ಲಿ ಓದಿದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಮನೆಯ ಮಾತನ್ನು ಬೀದಿಗೆ ತಂದದ್ದು ಸರಿಯಲ್ಲ. ನಮ್ಮ ಸಂಖ್ಯೆ ಈ ದೇಶದಲ್ಲಿ ಎಷ್ಟು? ಭಾರತೀಯರು ಅಧ್ಯಕ್ಷರ ವಿರುದ್ಧ ಮಾತಾಡಿದರು ಎನ್ನುವುದಿಲ್ಲವೇ?" ಎಂದರು ಗಂಡ.

ಆಕೆ ಕೆರಳಿದರು. "1984ರಲ್ಲಿಯೂ ಹೀಗೇ ಹೇಳಿದ್ದಿರಿ." ಆ ವರ್ಷ ಬಿಳಿ ಸರ್ಕಾರ ಭಾರತೀಯರಿಗೂ ಮಿಶ್ರವರ್ಣೀಯರಿಗೂ ಸಂಸತ್ತಿನಲ್ಲಿ ಒಂದೊಂದು ಬೇರೆ ಸದನ ಕೊಟ್ಟಿತು, ಕರಿಯರಿಗೆ ಏನೂ ಇಲ್ಲ. ಫಲಕದಲ್ಲಿ ಕಂಡ ಬ್ರೆಡ್ಡೇ ಅದು, ತಟ್ಟೆ ಮಾತ್ರ ದೊಡ್ಡದು. ಬಹುಪಾಲು ಭಾರತೀಯರು ಮತ ಹಾಕದೆ ಬಹಿಷ್ಕರಿಸಿದರು. ಈ ಗಂಡ ಹೋಗಿ ಹಾಕಿ ಬಂದಿದ್ದರಂತೆ. ಅವರು ಅಲ್ಲಗಳೆಯಲಿಲ್ಲ. "ಆಗ ಅಂಗಡಿ ಉಳಿಸಿಕೊಳ್ಳಬೇಕಾಗಿತ್ತು" ಎಂದರಷ್ಟೆ. ಭಾವ ಅವರ ಪರ ವಹಿಸಿದರು: ದೂರನ್ನು ಮೊದಲು ಒಳಗೇ ಕೊಡಬೇಕು, ಯಾವ ಸಂಸ್ಥೆಯಾದರೂ ಅದೇ ಕ್ರಮ. ಒಳಗೆ ಕೇಳುವವರೇ ಇಲ್ಲದಾಗ, ಭಾವ? ಎಂದೆ. ಜುಮಾ ಇಳಿದದ್ದು 2018ರ ಫೆಬ್ರವರಿಯಲ್ಲಿ, ಪಕ್ಷದ ಒಳಲೆಕ್ಕಾಚಾರದಿಂದಲೇ ಹೊರತು ಪತ್ರದಿಂದಲ್ಲ ಎಂದು ಗಂಡ ಮತ್ತೆ ಬಾಯಿ ಹಾಕಿದರು. ಅದು ನಿಜ, ನಾನೂ ಒಪ್ಪಿದೆ. ಆಕೆ ಮಾತ್ರ ಒಪ್ಪಲಿಲ್ಲ. ಬಂದರಿನಲ್ಲಿ ಇಳಿದು ಟ್ಯಾಕ್ಸಿಗೆ ಕಾಯುವಾಗಲೂ ಗಂಡನಿಗೆ ಆ ಪತ್ರದ ಸಾಲುಗಳನ್ನು ನೆನಪಿನಿಂದ ಒಪ್ಪಿಸುತ್ತಿದ್ದರು, ಗುಜರಾತಿಯಲ್ಲಿ, ಸ್ವಲ್ಪ ಜೋರಾಗಿಯೇ.