ತಮಟೆಯಡಿ ಮುಳುಗಿದ್ದ ‘ಅಲ್ಲ’ ಕೊನೆಗೂ ಸಿಕ್ಕಿತು

ಗರ್ಭಪಾತದ ಹಕ್ಕಿನ ಮೇಲಿನ ನಮ್ಮ ಹಾಡಿಗೆ ದನಿ, ತಮಟೆ ಕೂಡಿಸಿದ ಮೂರು ಮಿಕ್ಸ್ ಎಸೆದಾಯಿತು. ನಾಲ್ಕನೆಯದರಲ್ಲಿ ‘ಅಲ್ಲ’ ಕೇಳಿಸಿತು. ಟ್ರ್ಯಾಕ್ ಜೋಡಿಸುವುದು, ಗೇನ್ (ಮೈಕಿನ ಮಟ್ಟ) ಇಡುವುದು ನಿಮಗೆಲ್ಲ ಗೊತ್ತಿರುವುದೇ. ಈ ಸಲದ ಬರಹವೆಲ್ಲ ಆ ಒಂದು ಪದಕ್ಕೇ ಮೀಸಲು.

ಪಲ್ಲವಿ ಇಷ್ಟೇ: ‘ಗರ್ಭಪಾತ ಪಾಪವಲ್ಲ, ಅವಳ ದೇಹ ಅವಳ ಮಾತು’. ಗರ್ಭ, ಪಾತ, ಪಾಪ, ವಲ್ಲ ಅಂತ ಮೂರು ಮಾತ್ರೆಯ ನಾಲ್ಕು ಗಣ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ಅದೇ ಉತ್ಸಾಹ ರಗಳೆ. ಬರೀ ಬಾಯಲ್ಲಿ ಹಾಡಿದರೆ ಸಲೀಸು. ತಮಟೆ ಸೇರಿಸಿ ಫೋನಿನ ಸ್ಪೀಕರಿನಲ್ಲಿ ಹಾಕಿದಾಗ ಹೆಚ್ಚಿನವರ ಕಿವಿಗೆ ಬಿದ್ದದ್ದು ‘ಗರ್ಭಪಾತ ಪಾಪ’. ಹೇಳಬೇಕಾದ್ದಕ್ಕೆ ತದ್ವಿರುದ್ಧ! ಆಸ್ಪತ್ರೆಗೆ ಹೋಗಲು ಹೆದರಿ ಕೂತ ಹೆಣ್ಣುಮಗಳ ಕಿವಿಗೆ ಇದು ಹೀಗೆ ಬೀಳುವುದಾದರೆ ಹಾಡು ಹೊರಗೆ ಬರದಿರುವುದೇ ವಾಸಿ.

ಕಾರಣ ಹುಡುಕಿದಾಗ ಸಿಕ್ಕಿದ್ದು ಮೂರು. ಕನ್ನಡದಲ್ಲಿ ನಿಷೇಧ ಬರುವುದೇ ಸಾಲಿನ ಕೊನೆಗೆ, ತಮಟೆಯ ಮುಕ್ತಾಯವೂ ಅಲ್ಲೇ. ‘ವ’ ಮೆತ್ತನೆಯ ಅಕ್ಷರ, ‘ಲ್ಲ’ ಇನ್ನೂ ಮೆತ್ತಗೆ. ಹತ್ತನೇ ಮಾತ್ರೆಯಲ್ಲಿ ತಮಟೆಯ ದಪ್ಪ, ತೆಳು ಎರಡೂ ಕಡ್ಡಿ ಒಟ್ಟಿಗೆ ಬಿದ್ದರೆ ತೆಳು ಕಡ್ಡಿಯ ‘ಚಟ್’ ಅದನ್ನು ನುಂಗುತ್ತೆ. ಜೊತೆಗೆ ಸಾಲಿನ ಕೊನೆಗೆ ಹಾಡುವವರ ಉಸಿರೂ ಇಳಿದಿರುತ್ತೆ.

ಮೊದಲು ಈಕ್ಯೂನಲ್ಲಿ (ಸದ್ದಿನ ತಗ್ಗು, ಎತ್ತರದ ಭಾಗಗಳನ್ನು ಬೇರೆ ಬೇರೆ ಏರಿಸಿ ಇಳಿಸುವುದು) ತಮಟೆಯ 2.5–3 ಕಿಲೋಹರ್ಟ್ಸ್ ಭಾಗವನ್ನು 4 ಡೆಸಿಬೆಲ್ ಇಳಿಸಿದ್ದಾಯಿತು. ಪದ ಚೂರು ಮೇಲೆ ಬಂತು, ತಮಟೆ ಮಾತ್ರ ರಟ್ಟಿನ ಡಬ್ಬವಾಯಿತು. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದ ಚಿಕ್ಕಬಳ್ಳಾಪುರ ಜಿಲ್ಲೆ ಇದು. ಇಲ್ಲಿ ತಮಟೆಯ ಜೀವ ತೆಗೆದು ಹಾಡು ಮಾಡಲು ಬರಲ್ಲ. ಆಮೇಲೆ ಸೈಡ್‌ಚೈನ್: ದನಿ ಬಂದಾಗ ತಮಟೆ 6 ಡೆಸಿಬೆಲ್ ತಗ್ಗುವ ಹಾಗೆ. ಪ್ರತಿ ಸಾಲಿಗೂ ಯಾರೋ ಬಾಗಿಲು ತೆಗೆದು ಹಾಕಿದಂತೆ ಕೇಳಿಸಿತು. ಅದೂ ಹೋಯಿತು.

ಪರಿಹಾರ ಇದ್ದದ್ದು ಬಾರಿಸುವುದರಲ್ಲಿ. ಈಗ 1, 4, 7ನೇ ಮಾತ್ರೆಗೆ ಪೂರ್ತಿ ಪೆಟ್ಟು, 10ಕ್ಕೆ ಏನೂ ಇಲ್ಲ, 12ಕ್ಕೆ ದಪ್ಪ ಕಡ್ಡಿಯ ಒಂದೇ ‘ಧಂ’. ಅದು ತಗ್ಗಿನ ಸದ್ದು, ‘ಲ್ಲ’ವನ್ನು ಮುಚ್ಚಲ್ಲ. ಮುಂದಿನ ಎರಡು ಗಣ ಪೂರ್ತಿ ಖಾಲಿ. ಆ ಖಾಲಿಯಲ್ಲಿ ಗಂಡಸರ ಹಿಮ್ಮೇಳ ‘ಅಲ್ಲ, ಅಲ್ಲ’ ಅನ್ನುತ್ತೆ. ಆಮೇಲೆ ಎರಡು ಗಣ ತಮಟೆ ಮನಸಾರೆ ಬಾರಿಸಬಹುದು. ವೇಗವನ್ನೂ ನಿಮಿಷಕ್ಕೆ 108 ಗಣದಿಂದ 92ಕ್ಕೆ ಇಳಿಸಿದ್ದಾಯಿತು.

ಹಿಮ್ಮೇಳ ಮೊದಲ ಸಲ ಘೋಷಣೆಯ ಹಾಗೆ ಕೂಗಿತು, ಕ್ಲಿಪ್ ಆಯಿತು (ಮಟ್ಟ ಮೀರಿ ದನಿ ಒಡೆಯಿತು). ಗಂಡಸರ ಕೋರಸ್ ಅಂದರೆ ಕೂಗು ಅನ್ನುವ ಅಭ್ಯಾಸವೇ ಬಿಡಬೇಕಾದದ್ದು. ಎರಡನೇ ಚರಣದಲ್ಲಿ ‘ಕೇಳು ಮೊದಲು ಗಂಡಸುತನ’ ಅಂತ ಹಾಡುವವರು ಪಲ್ಲವಿಯಲ್ಲಿ ಅವಳ ಮೇಲೆ ಅರಚಿದರೆ ಅರ್ಥವೇ ಕೆಡುತ್ತೆ. ಒಂದೇ ಮೈಕಿನಿಂದ ನಾಲ್ಕು ಅಡಿ ದೂರ, ಅರ್ಧವೃತ್ತ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿ. ಇಷ್ಟಕ್ಕೇ ಎದೆಗೆ ತಾಕುತ್ತೆ.

ಜಾಗ ಶಿಡ್ಲಘಟ್ಟದ ಕಡೆಯ ಖಾಲಿ ರೇಷ್ಮೆ ಹುಳು ಸಾಕುವ ಮನೆ. ಎರಡು ಬೆಳೆಯ ನಡುವೆ ಮಾತ್ರ ಸಿಗುತ್ತೆ. ದನಿ ಮಾರ್ದನಿಸದಂತೆ ಗೋಡೆಗೆ ಹತ್ತಿ ಹಾಸಿಗೆ, ಕಂಬಳಿ. ಮೊಟ್ಟೆ ಟ್ರೇ ನಂಬಬೇಡಿ. ಬ್ಲೀಚಿಂಗ್ ಪೌಡರ್ ಹೊಡೆದಿದ್ದರೆ ವಾಸನೆ ಹೋಗುವ ತನಕ ಹಾಡಬೇಡಿ, ಗಂಟಲು ಕಟ್ಟುತ್ತೆ. ತಮಟೆಯನ್ನು ಹೊರಗೇ ಕಾಯಿಸಿ, ಹುಳು ಮನೆಗೆ ಹೊಗೆ ಆಗದು. ಚರ್ಮ ತಣ್ಣಗಾದಂತೆ ಶ್ರುತಿ ಇಳಿಯುತ್ತೆ, ಒಂದು ಟೇಕ್ ಇನ್ನೊಂದಕ್ಕೆ ಕೂಡಲ್ಲ. 20 ನಿಮಿಷಕ್ಕೊಮ್ಮೆ ಹುಲ್ಲಿನ ಬೆಂಕಿ ಬೇಕೇ ಬೇಕು.

ಬೆಂಗಳೂರಿನಿಂದ ತಂದ ಹೊಸ ಕೇಬಲ್ ಅರ್ಧ ದಿನ ತಿಂದಿತು. ಕೇಬಲ್ಲಿನಲ್ಲೇ ಕರೆಂಟು ಪಡೆಯುವ ಕಂಡೆನ್ಸರ್ ಮೈಕ್ 48 ವೋಲ್ಟ್ ಹಾಕಿದರೂ ಸತ್ತಂತಿತ್ತು. ಬಿಚ್ಚಿದರೆ ಒಂದನೇ ಪಿನ್ನಿನ ಬೆಸುಗೆಯೇ ಕೂತಿಲ್ಲ. ಬೆಲೆ ಮಾತ್ರ ಪೂರ್ತಿ! ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿದು ಮೂರೂ ಪಿನ್ ನೋಡಿಕೊಳ್ಳಿ.

ಚರಣದಲ್ಲೂ ಒಂದು ತಪ್ಪು ತಿದ್ದಿದ್ದಾಯಿತು. ಮೊದಲು ಎಲ್ಲರಿಗೂ ‘24 ವಾರ’ ಅಂತಿತ್ತು. 1971ರ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ 20 ವಾರದ ತನಕ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 24ರ ತನಕ ಹೋಗುವುದು ನಿಯಮದಲ್ಲಿ ಹೇಳಿದ ಕೆಲವರಿಗೆ, ಅದಕ್ಕೆ ಇಬ್ಬರು ವೈದ್ಯರು ಬೇಕು. 18 ತುಂಬಿದವಳಿಗೆ ಅವಳದೇ ಒಪ್ಪಿಗೆ ಸಾಕು, ಗಂಡನ ಸಹಿಯನ್ನು ಕಾನೂನು ಕೇಳಲ್ಲ. ಮದುವೆಯಾಗದವರಿಗೂ ಈ ಹಕ್ಕಿದೆ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜನ ಹಾಡನ್ನು ನಂಬಿ ನಡೆಯುತ್ತಾರೆ, ಅಂಕಿ ತಪ್ಪಬಾರದು.

ಮುಂದಿನ ಹಾಡು ಗಂಡಸರ ಸಂತಾನಹರಣ ಆಪರೇಷನ್ ಮೇಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರ ಪ್ರಕಾರ ಮದುವೆಯಾದವರಲ್ಲಿ ಹೆಣ್ಣಿನ ಆಪರೇಷನ್ನನ್ನು ನೆಚ್ಚಿದವರು ಶೇ 37.9, ಗಂಡಿನದು ಶೇ 0.3. ‘ಸಂತಾನಹರಣ’ ನಾಲ್ಕು ಮಾತ್ರೆಯ ಎರಡು ಗಣ, ಉತ್ಸಾಹಕ್ಕೆ ಒಗ್ಗಲ್ಲ, ನಡೆಯೇ ಬೇರೆ ಬೇಕು. ‘ಮೂರು ತಿಂಗಳು, ಆಮೇಲೆ ವೀರ್ಯ ಪರೀಕ್ಷೆ, ಅಲ್ಲಿಯ ತನಕ ಕಾಂಡೋಮ್’ ಅನ್ನುವುದು ಅದರ ಪಲ್ಲವಿಯಲ್ಲೇ ಬರಬೇಕು.

ಅದಕ್ಕೂ ಮುಂಚೆ ಈ ಹಾಡಿನ ತೆಲುಗು ಕೋರಸ್. ಆಂಧ್ರದ ಗಡಿ ಕಡೆ ಅದಿಲ್ಲದೆ ಆಗದು. ‘ಅಲ್ಲ’ದ ಜಾಗಕ್ಕೆ ‘ಕಾದು’, ಅದೂ ಮೂರೇ ಮಾತ್ರೆ. ‘ಕ’ ಗಟ್ಟಿ ಅಕ್ಷರ, ಹತ್ತನೇ ಪೆಟ್ಟನ್ನು ವಾಪಸ್ ತಂದರೂ ನಿಲ್ಲಬಹುದು. ಭಾನುವಾರ ತೆಳು ಕಡ್ಡಿ ಹಾಕಿ ನೋಡುವುದು.