ಕೊಯನಾನಗರದ ಧಕ್ಕಾ

ದಸರೆ ಮುಗಿಸಿಕೊಂಡು ಅವ್ವನ ಜೊತೆ ಅಕ್ಕಲಕೋಟೆಯಿಂದ ಚಿಪಳೂಣಕ್ಕೆ ಹೊರಟಿದ್ದೆ. ಕರಾಡ, ಪಾಟಣ ದಾಟಿ, ಕುಂಭಾರ್ಲಿ ಘಾಟ್ ಇಳಿಯುವ ಮೊದಲು ಕೊಯನಾನಗರದಲ್ಲಿ ಚಹಾಕ್ಕೆ ನಿಂತೆವು.

ಮೊದಲು ಬಂದದ್ದು ಸದ್ದು. ನೆಲದೊಳಗಿಂದ ಗುಡುಗುಡು. ಆಮೇಲೆ ಕೂತಿದ್ದ ಬಾಕು ಒಮ್ಮೆ ಜಗ್ಗಿತು, ಮೇಲಿನ ತಗಡು ಕಟಕಟ ಎಂದಿತು. ಅಷ್ಟೇ. ಏನಾಯ್ತು ಅಂತ ನಾನು ತಿರುಗುವಷ್ಟರಲ್ಲಿ ಅವ್ವ ರಸ್ತೆಯಲ್ಲಿದ್ದಳು, ಕೈಯಲ್ಲಿ ಅರ್ಧ ಭಜಿ. ಮೊಣಕಾಲು ನೋವು ಅಂತ ದಾರಿಯುದ್ದಕ್ಕೂ ಗೊಣಗಿದ್ದು ಇವಳೇನಾ!

ಅಂಗಡಿಯ ಮಾವಶಿ ಭಜಿ ಕರಿಯುವ ಝಾರಾ ಕೂಡ ಕೆಳಗಿಡಲಿಲ್ಲ. "ಕಾಯ್ ನಾಯ್, ಧಕ್ಕಾ ಹಾಯ್" ಅಂದಳು. ಏನಿಲ್ಲ, ಭೂಕಂಪದ ಸಣ್ಣ ಅಲುಗು ಅಂತ. ಮಳೆಗಾಲದಲ್ಲಿ ಇಲ್ಲಿನ ಕೊಯನಾ ಡ್ಯಾಮ್ ತುಂಬಿದ ಮೇಲೆ ಇವು ಜಾಸ್ತಿಯಂತೆ. ಅದು ಸುಮ್ನೆ ಮಾತಲ್ಲ. 1962ರಲ್ಲಿ ಇಲ್ಲಿ ನೀರು ನಿಲ್ಲಿಸಲು ಶುರು ಮಾಡಿದ ಮೇಲೆಯೇ ನೆಲ ಪದೇ ಪದೇ ನಡುಗತೊಡಗಿದ್ದು. ನೀರಿನ ಭಾರ ಒಂದು ಕಡೆ, ಬಂಡೆಯ ಬಿರುಕಿನೊಳಗೆ ಇಳಿಯುವ ನೀರಿನ ಒತ್ತಡ ಇನ್ನೊಂದು ಕಡೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3ರಷ್ಟು ಭೂಕಂಪವೇ ಆಗಿ ಸುಮಾರು 180 ಜನ ಸತ್ತರು. ಡ್ಯಾಮಿನ ಗೋಡೆಯೂ ಬಿರುಕು ಬಿಟ್ಟಿತ್ತು.

ಅವ್ವನಿಗೆ ಇದೆಲ್ಲ ಬೇಕಿರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಲಾತೂರ ಜಿಲ್ಲೆಯ ಕಿಲ್ಲಾರಿಯ ಭೂಕಂಪ. 1993ರ ಸೆಪ್ಟೆಂಬರ್ 30. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ಊರೆಲ್ಲ ಮಲಗಿತ್ತು. ಬೆಳಗಿನ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ನೆಲ ನಡುಗಿತು. ಅದರ ಜೋರೂ ಹೆಚ್ಚುಕಡಿಮೆ ಕೊಯನಾದಷ್ಟೇ, 6.2. ಸತ್ತವರು ಮಾತ್ರ ಹತ್ತಿರ ಹತ್ತಿರ ಹತ್ತು ಸಾವಿರ. ಅಲ್ಲಿ ಒತ್ತೊತ್ತಾಗಿ ಊರುಗಳಿದ್ದವು, ನಿಜ. ಆದರೆ ಅವ್ವ ಹೇಳುವುದು ಬೇರೆ: "ಭೂಮಿ ಏನೂ ಮಾಡಲಿಲ್ಲ, ಮಾಳಿಗೆ ಕೊಂದಿತು." ಮಾಳಿಗೆ ಅಂದರೆ ಮಣ್ಣಿನ ಚಾವಣಿ: ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಜಂತಿ, ಅದರ ಮೇಲೆ ಮಣ್ಣು. ಸೋರಿದಾಗಲೆಲ್ಲ ಮತ್ತಷ್ಟು ಮಣ್ಣು. ಬಿಸಿಲಿಗೆ ತಂಪು ಅಂತ ನಾವೂ ಹೊಗಳುವ ಮನೆಗಳೇ ಅವು. ಆ ರಾತ್ರಿ ನಮ್ಮೂರೂ ಅಲುಗಿತ್ತು. ಆಮೇಲೆ ಎಷ್ಟೋ ದಿನ ಓಣಿಯವರೆಲ್ಲ ಅಂಗಳದಲ್ಲೇ ಮಲಗಿದರಂತೆ.

ಮಾವಶಿಯ ತಲೆ ಮೇಲೆ ತಗಡು, ಅವ್ವನ ತಲೆ ಮೇಲೆ ಮಾಳಿಗೆ. ಒಬ್ಬಳು ಕೂತಲ್ಲೇ ಕೂತಿದ್ದಕ್ಕೂ ಇನ್ನೊಬ್ಬಳು ಓಡಿದ್ದಕ್ಕೂ ಇದೇ ಕಾರಣ ಅಂತ ನನ್ನ ಲೆಕ್ಕ.

ಎಷ್ಟು ಕರೆದರೂ ಅವ್ವ ಒಳಗೆ ಬರಲಿಲ್ಲ. ಚಹಾ ರಸ್ತೆಯಲ್ಲೇ ಕುಡಿದಳು. ಅಲ್ಲಿಂದಲೇ ಅಣ್ಣನಿಗೆ ಫೋನ್ ಹಚ್ಚಿ, ಜೋಳದ ಚೀಲ ಇಡುವ ಹಿಂದಿನ ಖೋಲಿಯ ಮಾಳಿಗೆ ಮಣ್ಣನ್ನು ಈ ಬೇಸಿಗೆಯಲ್ಲಿ ಇಳಿಸಲೇಬೇಕು ಅಂತ ಹಟ ಹಿಡಿದಳು. ಆಳಿನ ಕೂಲಿ ಎಷ್ಟಾಗುತ್ತೆ ಗೊತ್ತಾ ಅಂತ ಅಣ್ಣ ಕೂಗಿದ್ದು ನನಗೂ ಕೇಳಿಸಿತು.