ನಂಬರ್ 31, ಹಾಜರ್

1968ರಲ್ಲಿ ನಾನು ಮೈಸೂರಿನ ಯುವರಾಜ ಕಾಲೇಜಿಗೆ ಬಿ.ಎಸ್ಸಿ. ಸೇರಿದಾಗ ನಮ್ಮ ಸೆಕ್ಷನ್ನಿನಲ್ಲಿ 54 ಹುಡುಗರು. ನನ್ನ ರೋಲ್ ನಂಬರ್ 31. ಮೇಷ್ಟ್ರು ಹೆಸರು ಕೂಗುತ್ತಿರಲಿಲ್ಲ, ನಂಬರ್ ಕೂಗುತ್ತಿದ್ದರು. ಮೂರು ವರ್ಷ ಅದನ್ನೇ ಕೇಳಿ ಕೇಳಿ ನಾವೂ ಒಬ್ಬರನ್ನೊಬ್ಬರು ನಂಬರಿನಿಂದಲೇ ಕರೆಯತೊಡಗಿದೆವು. ಈಗಲೂ ಹಾಗೇ. ನನ್ನ ಹೆಂಡತಿ ಕೂಡ "ಹದಿನೇಳು ಫೋನ್ ಮಾಡಿದ್ರು" ಅಂತಲೇ ಹೇಳುತ್ತಾಳೆ.

ಎರಡನೇ ವರ್ಷ ಅಪ್ಪನಿಗೆ ಟೈಫಾಯ್ಡ್ ಆಗಿ ನಾನು ಹನ್ನೊಂದು ದಿನ ಊರಲ್ಲಿದ್ದೆ. ವಾಪಸ್ ಬಂದು ನೋಡಿದರೆ ಒಂದು ದಿನವೂ ಗೈರುಹಾಜರಿ ಇಲ್ಲ. ನನ್ನ ಪಕ್ಕದ 30 ದಿನಾ ದನಿ ಬದಲಿಸಿ ಪ್ರಾಕ್ಸಿ ಕೊಟ್ಟಿದ್ದ. ಅದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. "ಅಪ್ಪ ಹೇಗಿದ್ದಾರೆ?" ಅಂತ ಮಾತ್ರ ಕೇಳಿದ.

1971ರಲ್ಲಿ ಡಿಗ್ರಿ ಮುಗಿಯಿತು. ಬ್ಯಾಂಕು, ವಿದ್ಯುತ್ ಮಂಡಳಿ, ಮೇಷ್ಟ್ರ ಕೆಲಸ, ಬೇಸಾಯ ಅಂತ ಒಬ್ಬೊಬ್ಬರು ಒಂದೊಂದು ಕಡೆ ಹೋದೆವು. ಎಷ್ಟೋ ವರ್ಷ ಮದುವೆ ಮನೆಗಳಲ್ಲಿ ಸಿಕ್ಕಿದ್ದೇ ಭೇಟಿ. ನಿಜವಾಗಿ ಮತ್ತೆ ಒಂದಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಮನೆಯಲ್ಲೇ ಕೂತಿದ್ದೆವು, ಭಯ ಬೇರೆ. "ಎಲ್ಲರೂ ಇದ್ದೀರಾ?" ಅಂತ ಯಾರೋ ವಾಟ್ಸಾಪ್‌ನಲ್ಲಿ ಕೇಳಿದರು. "31, ಪ್ರೆಸೆಂಟ್ ಸಾರ್" ಅಂತ ನಾನು ಬರೆದೆ. ಮರುದಿನ ಬೆಳಿಗ್ಗೆ ಹನ್ನೆರಡು ಜನ ಹಾಗೇ ಬರೆದರು.

ಅಂದು ಶುರುವಾದ ಹಾಜರಿ ಇವತ್ತಿಗೂ ನಿಂತಿಲ್ಲ. ಈಗ ನಾವು 23 ಜನ. ಬೆಳಿಗ್ಗೆ ಏಳರಿಂದ ಎಂಟರೊಳಗೆ ನಂಬರ್ ಹೇಳಿ ಹಾಜರ್ ಅನ್ನಬೇಕು. ಬರೆಯುವ ಹಾಗಿಲ್ಲ, ಸ್ವಂತ ದನಿಯಲ್ಲೇ ಹೇಳಬೇಕು. ಒಂದು ಸಲ ಒಬ್ಬನಿಗೆ ಜ್ವರ ಬಂದು ಮಲಗಿದ್ದಾಗ ಮೊಮ್ಮಗ ಟೈಪ್ ಮಾಡಿ ಕಳಿಸಿದ್ದ. ನಮಗೆ ಗೊತ್ತಾಗಿದ್ದು ಮೂರು ದಿನ ಆದ ಮೇಲೆ. ಆಗ ಮಾಡಿದ ನಿಯಮ ಇದು. ದನಿ ಕೇಳಿದರೆ ನೆಗಡಿಯೋ, ರಾತ್ರಿ ನಿದ್ದೆ ಬರಲಿಲ್ಲವೋ, ಮನಸ್ಸಿಗೆ ಬೇಜಾರೋ, ಎಲ್ಲ ತಿಳಿಯುತ್ತದೆ. ವಾರಕ್ಕೊಬ್ಬ ಮಾನಿಟರ್. ಎಂಟೂವರೆಗೂ ದನಿ ಬರದಿದ್ದರೆ ಅವನು ಫೋನ್ ಮಾಡುತ್ತಾನೆ. ಎತ್ತದಿದ್ದರೆ, ಹತ್ತಿರದ ಮನೆಯವನು ಹೊರಡುತ್ತಾನೆ.

17 ಕುವೆಂಪುನಗರದಲ್ಲಿ ಒಬ್ಬನೇ ಇರುತ್ತಾನೆ. ಹೆಂಡತಿ ತೀರಿಕೊಂಡಿದ್ದಾರೆ, ಮಗಳು ಕೆನಡಾದಲ್ಲಿ. ಒಂದು ಮಳೆಗಾಲದ ಬೆಳಿಗ್ಗೆ ಅವನ ದನಿ ಬರಲಿಲ್ಲ. ಸರಸ್ವತಿಪುರದಿಂದ 22 ಸ್ಕೂಟರ್ ತೆಗೆದ. 17ರ ಮನೆಯ ಇನ್ನೊಂದು ಬೀಗದ ಕೈ ಅವನ ಹತ್ತಿರವೇ ಇರುತ್ತದೆ. ಬಾಗಿಲು ತೆಗೆದರೆ ಹಾಲ್‌ನಲ್ಲಿ ಫೋನ್ ಹೊಡೆದುಕೊಳ್ಳುತ್ತಿದೆ, 17 ಬಚ್ಚಲಲ್ಲಿ ಜಾರಿ ಬಿದ್ದು ಏಳಲಾರದೆ ಒರಗಿದ್ದಾನೆ. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಮೂರು ತಿಂಗಳು ಸರದಿಯ ಮೇಲೆ ಊಟ ತಂದುಕೊಟ್ಟೆವು. ಮೊದಲ ದಿನ ಅವನು ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಮರೆತಿಲ್ಲ: "ಫೋನ್ ಹೊಡ್ಕೊಳ್ತಾ ಇತ್ತಲ್ಲ ಕಣೋ, ಯಾರಾದ್ರೂ ಬರ್ತೀರ ಅಂತ ಗೊತ್ತಿತ್ತು."

ನವೆಂಬರ್ ಬಂದರೆ ಇನ್ನೊಂದು ಕೆಲಸ. ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕು. 2014ರಿಂದ ಬೆರಳು ಒತ್ತಿ ಕೊಡುವ ವ್ಯವಸ್ಥೆ ಬಂದಿದೆ. ಆದರೆ ವಯಸ್ಸಾದವರ ಚರ್ಮ ಒಣಗಿರುತ್ತದೆ, ಗೆರೆ ಸವೆದಿರುತ್ತದೆ. ನಂಜನಗೂಡಿನ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದ 32ರ ಹತ್ತು ಬೆರಳಲ್ಲಿ ಒಂದನ್ನೂ ಮಷೀನ್ ಒಪ್ಪಲಿಲ್ಲ. ಎರಡು ದಿನ ಸುಮ್ನೆ ಅಲೆದು ಬಂದು ನನ್ನ ಮುಂದೆ ಕೂತ. ಬೆರಳು ಚಾಚಿ ತೋರಿಸಿದ.

ನನಗೆ ಆ ಬೆರಳುಗಳು ಚೆನ್ನಾಗಿ ಗೊತ್ತು. ಕೆಮಿಸ್ಟ್ರಿ ಲ್ಯಾಬಿನಲ್ಲಿ 31, 32 ಒಂದೇ ಬೆಂಚು. ಸಿಲ್ವರ್ ನೈಟ್ರೇಟನ್ನು ತೊಟ್ಟು ತೊಟ್ಟಾಗಿ ಬಿಟ್ಟು ಅಳೆಯುವ ಟೈಟ್ರೇಷನ್ ದಿನ ಬ್ಯುರೆಟ್ ಅನ್ನುವ ಗಾಜಿನ ಕೊಳವೆಯ ತಿರುಪು ತಿರುಗಿಸುವುದು ಯಾವಾಗಲೂ ಅವನೇ. ಹಳದಿ ದ್ರಾವಣ ಇಟ್ಟಿಗೆ ಬಣ್ಣಕ್ಕೆ ತಿರುಗುವ ಆ ಒಂದು ತೊಟ್ಟನ್ನು ಅವನು ತಪ್ಪಿಸಿದ್ದೇ ಇಲ್ಲ. ಸಂಜೆ ಬಿಸಿಲಿಗೆ ಬಂದರೆ ಸಿಲ್ವರ್ ನೈಟ್ರೇಟ್ ತಾಗಿದ ಬೆರಳ ತುದಿಯೆಲ್ಲ ಕಪ್ಪು. ಎಷ್ಟು ಸೋಪು ಹಾಕಿದರೂ ಹೋಗದು, ಚರ್ಮ ಹೊಸದಾಗಿ ಬರಬೇಕು. ಆ ಕಪ್ಪು ಬೆರಳಲ್ಲೇ ದೋಸೆ ಮುರಿದು ತಿನ್ನುತ್ತಿದ್ದ.

2021ರಿಂದ ಮುಖ ತೋರಿಸಿಯೂ ಪ್ರಮಾಣ ಕೊಡಬಹುದು. ನಮ್ಮಲ್ಲಿ ಇದನ್ನು ಕಲಿತಿರುವುದು 9. ಬ್ಯಾಂಕಿನಲ್ಲಿದ್ದವನು, ತಾಳ್ಮೆ ಜಾಸ್ತಿ. 32ನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಫೋನ್ ಹಿಡಿದು "ಕಣ್ಣು ಮಿಟುಕಿಸೋ" ಅಂದ. ಎರಡನೇ ಸಲಕ್ಕೆ ಆಯಿತು. ಮರುವಾರ 32 ಒಂದು ಗೊನೆ ರಸಬಾಳೆ ತಂದ. ಈಗ ನವೆಂಬರ್ ಮೊದಲ ವಾರ 9ರ ಮನೆಯಲ್ಲಿ ನಮ್ಮವರಷ್ಟೇ ಅಲ್ಲ, ಆ ಬೀದಿಯ ಹಿರಿಯರೂ ಬಂದು ಕೂರುತ್ತಾರೆ.

ತಿಂಗಳ ಮೊದಲ ಭಾನುವಾರ ಮೈಸೂರಿನಲ್ಲಿರುವವರು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೇರುತ್ತೇವೆ. ಸುತ್ತು ಹತ್ತಿರ ಹತ್ತಿರ ಐದು ಕಿಲೋಮೀಟರ್. ಪೂರ್ತಿ ನಡೆಯುವವರು ಆರೇಳು ಜನ. 17 ಊರುಗೋಲು ಹಿಡಿದು ಹೆಜ್ಜಾರ್ಲೆ ಹಕ್ಕಿಗಳು ಕೂರುವ ಮರ ಕಾಣುವವರೆಗೆ ಬರುತ್ತಾನೆ. ಅಲ್ಲೇ ಅವನ ಜೊತೆ ಉಳಿದವರೂ ಕೂರುತ್ತಾರೆ.

2028ಕ್ಕೆ ನಮ್ಮ ಕಾಲೇಜಿಗೆ ನೂರು ತುಂಬುತ್ತದೆ. ಹಳೇ ಲ್ಯಾಬಿನಲ್ಲಿ ಒಂದು ಸಲ ಹಾಜರಿ ಕೂಗಲು ಬಿಡಿ ಅಂತ ಪ್ರಾಂಶುಪಾಲರನ್ನು ಈ ಬರಹದ ಮೂಲಕವೇ ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಕೆರೆ ಏರಿ ಮೇಲೆಯೇ ನಮ್ಮ ಹಾಜರಿ. ವಾಕಿಂಗ್ ಮುಗಿದ ಮೇಲೆ ಮಾನಿಟರ್ ಒಂದರಿಂದ 54ರವರೆಗೆ ಕೂಗುತ್ತಾನೆ. ಯಾವ ನಂಬರನ್ನೂ ಬಿಡುವುದಿಲ್ಲ. ಹೋದವರ ನಂಬರ್ ಬಂದಾಗ ಅವರ ಪಕ್ಕ ಕೂರುತ್ತಿದ್ದವರು ಹಾಜರ್ ಅನ್ನುತ್ತಾರೆ. 30 ಹೋಗಿ ವರ್ಷ ದಾಟಿತು. ಮಾನಿಟರ್ "ಮೂವತ್ತು" ಅಂದಾಗ ನಾನು ಹಾಜರ್ ಅನ್ನುತ್ತೇನೆ. "ಮೂವತ್ತೊಂದು" ಅಂದಾಗ ಇನ್ನೊಂದು ಸಲ.